ಡ್ರೈವರ್ ಸರಿಯಿಲ್ಲ

‘ಆದ್ದರಿಂದ ಕನ್ನಡ ಗದ್ಯದ ಮುಖ್ಯ ಲಕ್ಷಣವೆಂದರೆ’ ಎಂಬಲ್ಲಿಗೆ ಬಂದು, ಆ ಲಕ್ಷಣ ಯಾವುದಿರಬಹುದೆಂದು ಕಿಟಕಿಯಾಚೆಯ ಸೀಬೆಮರವನ್ನು ನೋಡುತ್ತಾ ಕೂತಿದ್ದೆ. ಅಳಿಲೊಂದು ಅರ್ಧ ತಿಂದ ಕಾಯನ್ನು ಬಿಸಾಡಿ ಇನ್ನೊಂದಕ್ಕೆ ಕೈಹಾಕುತ್ತಿತ್ತು. ಇತ್ತ ತಿರುಗಿದರೆ ಕಂಪ್ಯೂಟರಿನ ಪರದೆ ಪೂರ್ತಿ ನೀಲಿ. ಮೂಲೆಯಲ್ಲಿ ಎರಡು ಚುಕ್ಕಿ, ಒಂದು ಕಂಸ. ಕತ್ತು ವಾಲಿಸಿ ನೋಡಿದರೆ ಅಳುಮುಖ. ಅದರ ಕೆಳಗೆ, ನಿಮ್ಮ ಯಂತ್ರಕ್ಕೆ ಏನೋ ತೊಂದರೆಯಾಗಿದೆ, ಒಂದಿಷ್ಟು ಮಾಹಿತಿ ಕಲೆಹಾಕಿಕೊಂಡು ಮತ್ತೆ ಶುರುಮಾಡುತ್ತೇವೆ ಎಂಬರ್ಥದ ಒಕ್ಕಣೆ. ಶೇಕಡಾ ಇಪ್ಪತ್ತು, ಅರವತ್ತು, ನೂರು. ಆಮೇಲೆ ಕತ್ತಲು. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಬೆಳಕು.

ಹೋದದ್ದು ಆ ವಾಕ್ಯವೊಂದೇ ಆಗಿದ್ದರೆ ಬೇಸರವಿರಲಿಲ್ಲ. ಅದರ ಹಿಂದಿನ ಎರಡು ಪುಟವೂ ಹೋಯಿತು. ಮೈಸೂರಿನಲ್ಲಿ ನಿವೃತ್ತ ಕನ್ನಡ ಅಧ್ಯಾಪಕನಿಗೆ ಅಭಿನಂದನ ಗ್ರಂಥಕ್ಕೆ ಲೇಖನ ಬರೆದುಕೊಡುವ ಕೆಲಸ ಯಾವತ್ತೂ ತಪ್ಪುವುದಿಲ್ಲ. ಅಂಥ ಲೇಖನವನ್ನು ಓದುವವರು ಇಬ್ಬರು, ಬರೆದವನು ಮತ್ತು ಕರಡು ತಿದ್ದುವವನು. ಎರಡನೆಯವನೂ ಕೆಲವು ಸಲ ಓದಿರುವುದಿಲ್ಲ ಎಂಬುದಕ್ಕೆ ನನ್ನ ಬಳಿ ಅಚ್ಚಾದ ಪುರಾವೆಗಳಿವೆ. ಆದರೂ ಕಳೆದುಹೋದ ಆ ಎರಡು ಪುಟ ನನ್ನ ಮನಸ್ಸಿನಲ್ಲಿ ದಿನದಿಂದ ದಿನಕ್ಕೆ ಉತ್ತಮವಾಗುತ್ತಾ ಹೋಯಿತು. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕರೆಯುತ್ತಿತ್ತು ಅನ್ನುತ್ತಾರಲ್ಲ, ಹಾಗೆ. ನಾನು ಬರೆದುದರಲ್ಲೆಲ್ಲ ಅದೇ ಶ್ರೇಷ್ಠವೆಂದು ಈಗ ನಿಸ್ಸಂಕೋಚವಾಗಿ ಹೇಳುತ್ತೇನೆ. ಇಲ್ಲವೆನ್ನಲು ಯಾರ ಬಳಿಯೂ ಪ್ರತಿಯಿಲ್ಲ.

ಒಂದು ಸಲವಾದರೆ ಗ್ರಹಚಾರ ಎನ್ನಬಹುದು. ಮಾರನೆಯ ದಿನ ಏನೂ ಆಗಲಿಲ್ಲ. ಅದರ ಮಾರನೆಯ ದಿನ ಎರಡು ಸಲ. ಆಮೇಲೆ ನಾಲ್ಕು ದಿನ ಸುಖ. ಐದನೆಯ ದಿನ ಅಡಿಟಿಪ್ಪಣಿ ಹಾಕುತ್ತಿರುವಾಗ ಮತ್ತೆ ನೀಲಿ. ಕೆಟ್ಟ ಯಂತ್ರದ ಜೊತೆ ಬಾಳುವೆ ಮಾಡಬಹುದು, ಅದು ಕೆಟ್ಟಿದೆಯೆಂದಾದರೂ ಗೊತ್ತಿರುತ್ತದೆ. ಒಮ್ಮೊಮ್ಮೆ ಕೆಡುವ ಯಂತ್ರ ಮನುಷ್ಯನನ್ನು ಮಡಿ ಮೈಲಿಗೆಯ ಮಟ್ಟಕ್ಕೆ ತಂದುಬಿಡುತ್ತದೆ. ಇವತ್ತು ಎಡಗೈಯಲ್ಲಿ ಸ್ವಿಚ್ ಹಾಕಿದೆನೇ? ನುಡಿ ತಂತ್ರಾಂಶ ತೆರೆಯುವ ಮೊದಲು ಪೇಪರ್ ಓದಿದೆನೇ? ಶುಕ್ರವಾರ ಕೆಡಲಿಲ್ಲ, ಅಂದರೆ ಶುಕ್ರವಾರ ಬರೆದರೆ ಕ್ಷೇಮವೇ? ವೈಚಾರಿಕತೆಯ ಮೇಲೆ ಭಾಷಣ ಮಾಡಿ ಶಾಲು ಹೊದಿಸಿಕೊಂಡವನು ನಾನು.

ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೆ ರೋಗಕ್ಕಿಂತ ಮೊದಲು ವೈದ್ಯರು ಬರುತ್ತಾರೆ. ಪಕ್ಕದ ಮನೆಯವರು ಹಿಂದೆ ಕೆಇಬಿಯಲ್ಲಿ ಇಂಜಿನಿಯರ್ ಆಗಿದ್ದವರು. ಲೋಕದ ಸಕಲ ಕಷ್ಟಕ್ಕೂ ಅರ್ಥಿಂಗ್ ಸರಿಯಿಲ್ಲದಿರುವುದೇ ಮೂಲವೆಂಬುದು ಅವರ ಸಿದ್ಧಾಂತ. “ಮೇಷ್ಟ್ರೇ, ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷ ಆಯ್ತು?” ಎಂದು ಕೇಳಿದರು. ಆ ಗುಂಡಿ ಎಲ್ಲಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ದಾಸವಾಳದ ಬುಡದಲ್ಲಿ ಅವರೇ ಹುಡುಕಿಕೊಟ್ಟರು. ಉಪ್ಪು, ಇದ್ದಿಲು, ಎರಡು ಬಿಂದಿಗೆ ನೀರು. ತುಳಸಿಗೆ ನೀರು ಹಾಕಿದ ಮೇಲೆ ಅದಕ್ಕೂ ಒಂದು ಚೊಂಬು ಎಂಬ ಕ್ರಮ ನಮ್ಮ ಮನೆಯಲ್ಲಿ ಈಗಲೂ ಇದೆ. ದಾಸವಾಳ ಉಪ್ಪು ತಿಂದು ಸೊರಗಿತು. ಕಂಪ್ಯೂಟರ್ ಬಿದ್ದೇ ಬೀಳುತ್ತಿತ್ತು.

ಆಮೇಲೆ ಸರ್ವಿಸ್ ಹುಡುಗ ಬಂದ. ಬೆನ್ನಿಗೆ ಚೀಲ, ಕಿವಿಯ ಹಿಂದೆ ಸ್ಕ್ರೂಡ್ರೈವರ್. ಡಬ್ಬದ ಪಕ್ಕದ ತಗಡು ಬಿಚ್ಚಿದ ಕೂಡಲೇ “ಅಯ್ಯೋ ಸಾರ್!” ಅಂದ. ಒಳಗೆ ಹತ್ತಿಯ ಮಿಲ್ಲಿನಷ್ಟು ಧೂಳು, ಫ್ಯಾನಿನ ಸಂದಿಯಲ್ಲಿ ಹಲ್ಲಿಮೊಟ್ಟೆಯ ಎರಡು ಚಿಪ್ಪು. ಅಡ್ಡಪಟ್ಟಿಯಂಥ ರ್‍ಯಾಮನ್ನು ಎರಡೂ ಕಡೆಯ ಕ್ಲಿಪ್ ಒತ್ತಿ ಮೇಲೆತ್ತಿ, ಜೇಬಿನಿಂದ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದ. ರ್‍ಯಾಮಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಆ ರಬ್ಬರಿನಿಂದ ಒಂದೇ ದಿಕ್ಕಿಗೆ ಹದವಾಗಿ ಉಜ್ಜಿದ, ಅಕ್ಕಸಾಲಿಗನ ಏಕಾಗ್ರತೆಯಿಂದ. ಉಫ್ ಎಂದು ಊದಿ, ಟಕ್ ಎಂದು ಕೂರಿಸಿದ. ನಗುವ ಹಾಗಿಲ್ಲ. ಆ ಹಲ್ಲುಗಳ ಮೇಲೆ ಕೂತ ಕೊಳೆಯಿಂದ ಸಂಪರ್ಕ ತಪ್ಪಿ ಕಂಪ್ಯೂಟರ್ ಕೆಡುವುದು ನಿಜ, ರಬ್ಬರ್ ಉಜ್ಜಿ ಸರಿಯಾದ ಯಂತ್ರಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ನಮ್ಮದು ಆ ಪೈಕಿಯಲ್ಲ, ಅಷ್ಟೆ. ಎರಡನೆಯ ಸಲ ಬಂದಾಗ ಡಬ್ಬವನ್ನೇ ಅಂಗಡಿಗೆ ಹೊತ್ತುಕೊಂಡು ಹೋದ. ಅಲ್ಲಿ ಮೂರು ದಿನ ಹಗಲೂ ರಾತ್ರಿ ಓಡಿತಂತೆ, ಒಂದು ಸಲವೂ ಬೀಳಲಿಲ್ಲವಂತೆ. ಮನೆಯಲ್ಲಿ ರಚ್ಚೆ ಹಿಡಿದ ಮಗು ಡಾಕ್ಟರ ಮುಂದೆ ಆಡಿ ತೋರಿಸುವುದಿಲ್ಲವೇ? ಮನೆಗೆ ತಂದ ಮಾರನೆಯ ದಿನವೇ ಬಿತ್ತು. “ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್” ಅಂದ ಹುಡುಗ. ಎಲ್ಲವನ್ನೂ ಅಳಿಸಿ ಹೊಸದಾಗಿ ಶುರುಮಾಡುವುದು ಅವನ ಬತ್ತಳಿಕೆಯ ಕೊನೆಯ ಬಾಣ. ಅವನ ವಯಸ್ಸಿಗೆ ಅದು ಸುಲಭ. ನನ್ನ ವಯಸ್ಸಿನಲ್ಲಿ ಹಾಗೆನ್ನುವವರನ್ನು ಕಂಡರೆ ಭಯವಾಗುತ್ತದೆ.

ಫಾರ್ಮ್ಯಾಟ್ ತಪ್ಪಿಸಿದವಳು ಬೆಂಗಳೂರಿನಲ್ಲಿರುವ ಅಕ್ಕನ ಮಗಳು. “ಮಾಮ, ಅದನ್ನ ಮಾತ್ರ ಮಾಡಿಸಬೇಡ. ಸಾಕ್ಷಿಯೆಲ್ಲ ಹೋಗುತ್ತೆ” ಎಂದು ಫೋನಿನಲ್ಲಿ ಪೊಲೀಸಿನವರ ಹಾಗೆ ಹೇಳಿದಳು. “ರ್‍ಯಾಮ್ ನೋಡಿಯಾಯ್ತು, ಧೂಳು ತೆಗೆದಾಯ್ತು ಅಂದ್ರೆ ಯಾವುದೋ ಡ್ರೈವರ್ ಸರಿಯಿಲ್ಲ.”

ರಾತ್ರಿ ಊಟಕ್ಕೆ ಕೂತಾಗ “ಡ್ರೈವರ್ ಸರಿಯಿಲ್ಲವಂತೆ” ಎಂದೆ. ಅಮ್ಮನಿಗೆ ಎಂಬತ್ತಾರು, ಕಿವಿ ಬೇಕಾದಾಗ ಚೆನ್ನಾಗಿ ಕೇಳಿಸುತ್ತದೆ. “ಕುಡಿದಿದ್ನೇನೋ?” ಅಂದಳು.

“ಬಸ್ಸಿನ ಡ್ರೈವರ್ ಅಲ್ಲಮ್ಮ, ಕಂಪ್ಯೂಟರಿಂದು.”

“ಅದಕ್ಕೂ ಒಬ್ಬ ಡ್ರೈವರ್ ಬೇಕಾ? ಹಾಗಾದ್ರೆ ದಿನಾ ನೀನು ಅದರ ಮುಂದೆ ಕೂತು ಮಾಡೋದೇನೋ?”

ಇದಕ್ಕೆ ಉತ್ತರ ಹೇಳಲು ನನಗೂ ಎರಡು ದಿನ ಬೇಕಾಯಿತು. ಆ ಹೆಸರೇ ಸರಿಯಿಲ್ಲ. ಈ ಡ್ರೈವರ್ ಏನನ್ನೂ ಓಡಿಸುವುದಿಲ್ಲ, ಅವನೊಬ್ಬ ದುಭಾಷಿ. ಪ್ರಿಂಟರು, ಪರದೆ, ಇಲಿ, ಇಂಟರ್ನೆಟ್ಟಿನ ಕಡ್ಡಿ, ಒಂದೊಂದೂ ಒಂದೊಂದು ಕಂಪನಿಯಲ್ಲಿ ಹುಟ್ಟಿ ತನ್ನದೇ ಭಾಷೆ ಆಡುತ್ತದೆ. ವಿಂಡೋಸ್ ಹೇಳಿದ್ದನ್ನು ಅದಕ್ಕೂ ಅದು ಹೇಳಿದ್ದನ್ನು ವಿಂಡೋಸಿಗೂ ದಾಟಿಸಲು ಆಯಾ ಕಂಪನಿ ಬರೆದುಕೊಟ್ಟ ಪುಟ್ಟ ಪ್ರೋಗ್ರಾಮು ಡ್ರೈವರು.

ದುಭಾಷಿ ತಪ್ಪಾಡಿದರೆ ಮನೆಯೆಲ್ಲ ಯಾಕೆ ಬೀಳಬೇಕು? ಇಲ್ಲಿ ದೇವಸ್ಥಾನದ ಲೆಕ್ಕಾಚಾರ ನೆನೆದರೆ ಸುಲಭ. ನಾನು ಬರೆಯುವ ನುಡಿ, ಹಾಡು ಕೇಳಿಸುವ ಪ್ರೋಗ್ರಾಮು, ಇವೆಲ್ಲ ನವರಂಗದಲ್ಲಿ ಕೈಮುಗಿದು ನಿಂತ ಭಕ್ತರು. ಅವರಲ್ಲೊಬ್ಬ ತಲೆಸುತ್ತಿ ಬಿದ್ದರೆ ಆಚೆ ಕರೆದುಕೊಂಡು ಹೋಗಿ ನೀರು ಚಿಮುಕಿಸುತ್ತಾರೆ, ಪೂಜೆ ನಡೆಯುತ್ತಿರುತ್ತದೆ. ಗರ್ಭಗುಡಿ ಎಂದರೆ ಕರ್ನಲ್. ಇಂಟೆಲ್ ಜಾತಿಯ ಪ್ರೊಸೆಸರುಗಳಲ್ಲಿ 0ಯಿಂದ 3ರ ತನಕ ನಾಲ್ಕು ಪ್ರಾಕಾರಗಳಿಗೆ ಅವಕಾಶವಿದೆ; ವಿಂಡೋಸ್ ಬಳಸುವುದು ತೀರ ಒಳಗಿನದನ್ನೂ ತೀರ ಹೊರಗಿನದನ್ನೂ ಮಾತ್ರ. ಡ್ರೈವರುಗಳಲ್ಲಿ ಬಹುಪಾಲು ಇರುವುದು ಒಳಗೆ, ಮೂಲ ದೇವರ ಪಕ್ಕದಲ್ಲೇ. ಅಲ್ಲಿ ಪರಿಚಾರಕನೊಬ್ಬ ಆರತಿ ತಟ್ಟೆ ಬೀಳಿಸಿದರೆ ಅರ್ಚಕರಿಗೆ ಉಳಿಯುವುದು ಒಂದೇ ದಾರಿ, ಬಾಗಿಲು ಹಾಕುವುದು. ಕೈತಪ್ಪಿದ ಡ್ರೈವರು ಇನ್ನೇನನ್ನು ಕೆಡಿಸಿದೆಯೋ, ಆ ಕೆಟ್ಟದ್ದು ಡಿಸ್ಕಿಗೆ ಬರೆದುಹೋದರೆ ಗತಿಯೇನು ಎಂದು ವಿಂಡೋಸ್ ತಾನಾಗಿಯೇ ಎಲ್ಲವನ್ನೂ ನಿಲ್ಲಿಸುತ್ತದೆ. ನೀಲಿ ಪರದೆ ಎಂದರೆ ಆ ಮುಚ್ಚಿದ ಬಾಗಿಲು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರ 2003ರ ಪ್ರಬಂಧವೊಂದು, ವಿಂಡೋಸ್ ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ಶೇಕಡಾ 85ಕ್ಕೆ ಡ್ರೈವರುಗಳೇ ಕಾರಣ ಎನ್ನುತ್ತದೆ. ಬೈಗುಳ ಮಾತ್ರ ಅಷ್ಟೂ ದೇವರಿಗೇ ಹೋಗುತ್ತಿತ್ತು.

ಅಕ್ಕನ ಮಗಳ ಅಪ್ಪಣೆಯಂತೆ ಒಂದು ನೋಟ್‌ಬುಕ್ ಇಟ್ಟೆ. ಬಿದ್ದಾಗಲೆಲ್ಲ ದಿನ, ಗಂಟೆ, ಆಗ ತೆರೆದಿದ್ದ ಪ್ರೋಗ್ರಾಮು, ಕರೆಂಟು ಹೋಗಿ ಬಂದಿತ್ತೇ ಎಂದು ಬರೆಯುವುದು. ತಿಥಿ ನಕ್ಷತ್ರ ಬರೆಯಬೇಡ ಎಂದು ಅವಳು ಬೇರೆಯಾಗಿ ಹೇಳಬೇಕಾಯಿತು. ಆಮೇಲೆ ಇವೆಂಟ್ ವ್ಯೂವರ್ ತೆರೆಸಿದಳು. ವಿಂಡೋಸಿನ ದಿನಚರಿ ಅದು, ಕ್ಷಣಕ್ಷಣಕ್ಕೂ ಏನೇನು ನಡೆಯಿತೆಂದು ಯಾರೂ ಕೇಳದಿದ್ದರೂ ಬರೆದಿಟ್ಟಿರುತ್ತದೆ. ಬಿದ್ದ ಹೊತ್ತುಗಳಿಗೆಲ್ಲ ಕೆಂಪು ಗುರುತು, ‘ಕರ್ನಲ್ ಪವರ್ 41’. ಸರಿಯಾಗಿ ಮುಚ್ಚದೆಯೇ ಯಂತ್ರ ಮತ್ತೆ ಶುರುವಾಗಿದೆ ಎಂದು ಅದರ ತಾತ್ಪರ್ಯ. ಒಳ್ಳೆಯ ಮಹಜರು: ಆಸಾಮಿ ಸತ್ತಿದ್ದಾನೆ, ಸಾಯುವ ಮೊದಲು ಬದುಕಿದ್ದನು.

ನಿಜವಾದ ಪೋಸ್ಟ್‌ಮಾರ್ಟಂ ವರದಿ ಇದ್ದದ್ದು ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಎಂಬಲ್ಲಿ. ನೀಲಿ ಪರದೆ ಶೇಕಡಾವಾರು ಎಣಿಸುತ್ತಾ ಕೂತಿರುವುದು ಇದನ್ನು ಬರೆಯುವುದಕ್ಕೇ. ಒಂಬತ್ತು ಸಾವಿಗೆ ಒಂಬತ್ತು ಫೈಲು. ಅದನ್ನು ಓದಲು ಬ್ಲೂಸ್ಕ್ರೀನ್‌ವ್ಯೂ ಎಂಬ ಪುಕ್ಕಟೆ ಪ್ರೋಗ್ರಾಮು ಇಳಿಸಿಕೊಟ್ಟಳು. ನಾನು ಕನ್ನಡಕ ಏರಿಸಿ ‘ಎನ್‌ಟಿ ಓಎಸ್ ಕರ್ನಲ್’ ಎಂಬ ಹೆಸರು ಕಂಡು “ಸಿಕ್ಕ!” ಎಂದು ಕೂಗಿದೆ. “ಮಾಮ, ಹೆಣ ಬಿದ್ದಿರೋದು ಅವರ ಜಗಲಿ ಮೇಲೆ. ಅಷ್ಟಕ್ಕೇ ಅವರೇ ಕೊಲೆ ಮಾಡಿದ್ರು ಅಂತ ಅಲ್ಲ. ಗುಲಾಬಿ ಬಣ್ಣದ ಸಾಲಿನಲ್ಲಿ ಇನ್ಯಾರಿದ್ದಾರೆ ನೋಡು.” ಒಂಬತ್ತರಲ್ಲಿ ಎಂಟು ಕಡೆ ಒಂದೇ ಹೆಸರು. ಸ್ವರವೇ ಇಲ್ಲದ ಏಳೆಂಟು ವ್ಯಂಜನಗಳು, ಕೊನೆಗೆ ಡಾಟ್ ಸಿಸ್. ಪಾಣಿನಿಯ ಕೈಯಿಂದಲೂ ಉಚ್ಚರಿಸಲಾಗದ ಹೆಸರು.

ಅಪರಾಧದ ಹೆಸರು ಇನ್ನೂ ಸೊಗಸು: ‘ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’. ಕಡಿಮೆಯೂ ಅಲ್ಲ, ಸಮವೂ ಅಲ್ಲ. ಉಪನಿಷತ್ತಿನ ನೇತಿ ನೇತಿ ನನ್ನ ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಪ್ರತ್ಯಕ್ಷವಾಗಿತ್ತು. ಅವಳಿಂದ ಮೂರು ಸಲ ಹೇಳಿಸಿಕೊಂಡ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಕಂಪ್ಯೂಟರಿನೊಳಗಿನ ಕೆಲಸಗಳಿಗೆ ತುರ್ತಿನ ದರ್ಜೆಗಳಿವೆ. ಸಾಮಾನ್ಯ ದರ್ಜೆಯಲ್ಲಿರುವಾಗ ಬೇಕಾದ ಮಾಹಿತಿ ಕೈಗೆ ಸಿಗದಿದ್ದರೆ, ತಾಳಿ, ಡಿಸ್ಕಿನಿಂದ ತರಿಸುತ್ತೇನೆ ಎನ್ನಬಹುದು. ಮೇಲಿನ ದರ್ಜೆಗೆ ಹೋದಮೇಲೆ ಕಾಯುವ ಮಾತೇ ಇಲ್ಲ, ಬೇಕಾದುದೆಲ್ಲ ಮೊದಲೇ ಮೆಮೊರಿಯಲ್ಲಿ ಇಟ್ಟುಕೊಂಡಿರಬೇಕು. ಮುಹೂರ್ತ ಬಂದಿದೆ, ಗಟ್ಟಿಮೇಳ ಮೊಳಗುತ್ತಿದೆ, ಅಕ್ಷತೆ ಎಲ್ಲರ ಮುಷ್ಟಿಯಲ್ಲಿದೆ. ಆಗ ಪುರೋಹಿತರು, ತಾಳಿ ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಏಣಿ ತನ್ನಿ ಎಂದರೆ ಹೇಗಿರುತ್ತದೆ? ನನ್ನ ಡ್ರೈವರ್ ಮಾಡುತ್ತಿದ್ದದ್ದು ಅದನ್ನೇ. ನಾನು ಹುಡುಕಿದ್ದು ಕುಡುಕ ಡ್ರೈವರನ್ನು, ಸಿಕ್ಕಿದ್ದು ಮರೆಗುಳಿ ಪುರೋಹಿತ.

ಅವನನ್ನು ಮನೆಗೆ ಕರೆತಂದದ್ದು ನಾನೇ. ಹಾಲಿನಲ್ಲಿರುವ ವೈಫೈ ನನ್ನ ಕೋಣೆಯ ಹಳೆಯ ಕಂಪ್ಯೂಟರಿಗೆ ಸಿಗಲೆಂದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್ ಒಂದನ್ನು ಅಗ್ಗಕ್ಕೆ ಕೊಂಡಿದ್ದೆ. ಜೊತೆಗೆ ಅಂಗೈಗಿಂತ ಚಿಕ್ಕ ಸಿಡಿ, ಡ್ರೈವರ್ ಅದರಲ್ಲಿ. ಸಿಡಿ ಹಾಕುವ ತಟ್ಟೆ ನನ್ನ ಕಂಪ್ಯೂಟರಿನಲ್ಲಿಲ್ಲ. ಅರ್ಥಿಂಗ್ ಇಂಜಿನಿಯರರ ಮನೆಯಿಂದ ಕಡ ತಂದು, ಬಂದ ಪ್ರಶ್ನೆಗಳಿಗೆಲ್ಲ ‘ನೆಕ್ಸ್ಟ್, ನೆಕ್ಸ್ಟ್’ ಎನ್ನುತ್ತಾ ಗರ್ಭಗುಡಿಯ ಬೀಗದ ಕೈ ಕೊಟ್ಟಿದ್ದೆ. ಮನೆಕೆಲಸದವರನ್ನು ಇಟ್ಟುಕೊಳ್ಳುವಾಗ ಕೇಳುವ ಒಂದು ಮಾತನ್ನೂ ಕೇಳಿರಲಿಲ್ಲ. ಡಬ್ಬವನ್ನು ಅಂಗಡಿಗೆ ಕಳಿಸಿದಾಗ ಡಾಂಗಲ್ ಕಳೆದುಹೋದೀತೆಂದು ಕಿತ್ತು ಮೇಜಿನ ಡ್ರಾಯರಿನಲ್ಲಿಟ್ಟವನೂ ನಾನೇ. ಅಲ್ಲಿ ಮೂರು ದಿನ ಬೀಳದಿದ್ದುದು ಯಾಕೆಂದು ಈಗ ಬಿಡಿಸಿ ಹೇಳಬೇಕಿಲ್ಲ.

ಇಂಥ ಸಮಯದಲ್ಲಿ ದೊಡ್ಡವರ ಅವಮಾನಗಳು ಬಹಳ ಸಮಾಧಾನ ಕೊಡುತ್ತವೆ. 1998ರ ಏಪ್ರಿಲ್ 20ರಂದು ಚಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ಇನ್ನೂ ಬಿಡುಗಡೆಯಾಗದ ವಿಂಡೋಸ್ 98ನ್ನು ತೋರಿಸುತ್ತಿದ್ದರು. ಸಹೋದ್ಯೋಗಿ ಕ್ರಿಸ್ ಕಪೊಸೆಲಾ, ಸ್ಕ್ಯಾನರನ್ನು ಸಿಕ್ಕಿಸಿದರೆ ಸಾಕು, ಕಂಪ್ಯೂಟರ್ ತಾನೇ ಗುರುತು ಹಿಡಿದು ಬೇಕಾದ ಡ್ರೈವರನ್ನು ಹಾಕಿಕೊಳ್ಳುತ್ತದೆ ಎಂದು ಹೇಳುತ್ತಾ ಸಿಕ್ಕಿಸಿದರು. ಸಭೆಯ ಮುಂದಿನ ದೊಡ್ಡ ಪರದೆ ನೀಲಿಯಾಯಿತು. ಇದಕ್ಕೇ ಇರಬೇಕು ನಾವಿನ್ನೂ ಇದನ್ನು ಮಾರುಕಟ್ಟೆಗೆ ಬಿಟ್ಟಿಲ್ಲ ಎಂಬರ್ಥದ ಮಾತಾಡಿ ಗೇಟ್ಸ್ ನಗಿಸಿಬಿಟ್ಟರು. ನಾನಾಗಿದ್ದರೆ ಶಾಲು ಹಿಂದಿರುಗಿಸಿ ಬರುತ್ತಿದ್ದೆ.

2024ರ ಜುಲೈ 19ರದ್ದು ಅಷ್ಟು ನಗುವಂಥದ್ದಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಡ್ರೈವರ್ ಓದುವ ಫೈಲೊಂದು ಬದಲಾಗಿ, ಲೋಕದ ಸುಮಾರು 85 ಲಕ್ಷ ಕಂಪ್ಯೂಟರುಗಳು ಒಟ್ಟಿಗೆ ನೀಲಿಯಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಇಪ್ಪತ್ತು ಅಂಶ ಇರುವ ಕಡೆ ಇಪ್ಪತ್ತೊಂದನೆಯದನ್ನು ಓದಲು ಹೋದದ್ದೇ ತಪ್ಪು ಎಂದು ಆಮೇಲೆ ತಿಳಿಯಿತು. ಇಪ್ಪತ್ತು ಎಲೆ ಹಾಕಿದ ಪಂಕ್ತಿಯಲ್ಲಿ ಬಡಿಸುವವನು ಧ್ಯಾನದಲ್ಲಿ ಮುಂದೆ ನಡೆದು ಇಲ್ಲದ ಎಲೆಗೆ ಸಾರು ಹಾಕಿದ ಹಾಗೆ. ಆ ಸಾರು ಬಿದ್ದದ್ದು ಲೋಕದ ಮಡಿಲಿಗೆ.

ಇರಲಿ, ನಮ್ಮ ಮನೆಗೆ ಬರೋಣ. ಕಳ್ಳ ಯಾರೆಂದು ಗೊತ್ತಾದರೂ ಅವನು ಯಾವಾಗ ಕದಿಯುತ್ತಾನೆಂದು ಗೊತ್ತಾಗಿರಲಿಲ್ಲ. ನೋಟ್‌ಬುಕ್ಕನ್ನು ತಿರುವಿ ತಿರುವಿ ಸೋತೆ. ಬೆಳಿಗ್ಗೆ 11.10, ಸಂಜೆ 4.35, ಮತ್ತೆ 11.25. ಒಂದು ದಿನ ಧೂಳು ಹೊಡೆಯಲು ಬಂದ ಹೆಂಡತಿ ಅದನ್ನೆತ್ತಿ ನೋಡಿ “ಇದೇನ್ರೀ, ಪುಟಪುಟಕ್ಕೂ ಲೋಟದ ಕಲೆ ಮಾಡಿದ್ದೀರಿ!” ಅಂದಳು. ಹೌದು, ಪ್ರತಿಯೊಂದು ಸಾವಿನ ಪಕ್ಕದಲ್ಲೂ ಒಂದು ಕಂದು ವೃತ್ತ. ಸ್ಟೀಲ್ ಲೋಟದ ತಳದ ಅಳತೆಯದು. ಕೆಲವು ಪೂರ್ಣ, ಕೆಲವು ಬಿದಿಗೆಯ ಚಂದ್ರನಂತೆ ಅರೆ.

ಬರೆಯಲು ಕೂತ ಅರ್ಧ ಗಂಟೆಗೆ ನನ್ನ ಕಾಫಿ ಆರುತ್ತದೆ. ಆಗ ಕೂಗುತ್ತೇನೆ. ನನ್ನ ಕೋಣೆಗೂ ಹಾಲಿಗೂ ನಡುವೆ ಅಡುಗೆಮನೆ. ಮಗ ಕೊಡಿಸಿದ ಮೈಕ್ರೋವೇವ್ ಒಲೆ ಅಲ್ಲಿದೆ; ಅದರಲ್ಲಿ ಅಡುಗೆ ಮಾಡಿದರೆ ರುಚಿಯಿಲ್ಲವೆಂದು ಅಮ್ಮ ತೀರ್ಪು ಕೊಟ್ಟ ಮೇಲೆ ಅದಕ್ಕಿರುವ ಉದ್ಯೋಗ ನನ್ನ ಕಾಫಿಯನ್ನು ಬಿಸಿ ಮಾಡುವುದೊಂದೇ. ಸ್ಟೀಲ್ ಅದಕ್ಕಾಗದು, ಪಿಂಗಾಣಿ ಬಟ್ಟಲಿನಲ್ಲಿ ನನಗಾಗದು. ಆದ್ದರಿಂದ ಬಟ್ಟಲಿನಲ್ಲಿ ಬಿಸಿಯಾಗಿ ಲೋಟದಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಪರದೆ ನೀಲಿಯಾಗಿ ನಾನು ನೋಟ್‌ಬುಕ್ಕಿನಲ್ಲಿ ಗಂಟೆ ಬರೆಯುತ್ತಿರುತ್ತೇನೆ. ಲೋಟವನ್ನು ಅದರ ಮೇಲೆಯೇ ಇಡುತ್ತೇನೆ. ಕರೆಂಟು, ಮಳೆ, ಗುಡುಗು ಎಲ್ಲವನ್ನೂ ದಾಖಲಿಸಿದ್ದೆ, ಕಾಫಿಯನ್ನು ಬಿಟ್ಟು. ಮೈಸೂರಿನವರಿಗೆ ಕಾಫಿ ಒಂದು ಘಟನೆಯೆಂದು ಹೊಳೆಯುವುದೇ ಇಲ್ಲ.

ಅಕ್ಕನ ಮಗಳು ಫೋನಿನಲ್ಲಿ ನಗು ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು. ಮೈಕ್ರೋವೇವ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಂತೆ, ಹಳೆಯ ವೈಫೈಯ ಓಡಾಟವೂ 2.4ರ ಅದೇ ಓಣಿಯಲ್ಲಂತೆ. ಒಲೆಯಿಂದ ಚೂರು ಸೋರಿದರೂ ಸಿಗ್ನಲ್ ತಪ್ಪುತ್ತದೆ, ಡಾಂಗಲ್ ಮತ್ತೆ ಸಂಪರ್ಕ ಹುಡುಕುತ್ತದೆ, ಆ ಗಡಿಬಿಡಿಯಲ್ಲಿ ಮರೆಗುಳಿ ಪುರೋಹಿತ ಎಡವುತ್ತಾನೆ. ಪ್ರತಿ ಸಲವೂ ಎಡವುವುದಿಲ್ಲ, ಅದೇ ಅವನ ಕುಯುಕ್ತಿ.

ಪರೀಕ್ಷೆಗೆ ಮನೆಯವರೆಲ್ಲ ಸೇರಿದರು. ಬಟ್ಟಲು ನೀರಿಟ್ಟು ಒಂದು ನಿಮಿಷ ಓಡಿಸಿದೆವು, ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಅಮ್ಮ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಮೂರನೆಯ ಸಲ, ಒಲೆಯಲ್ಲಿ ಇನ್ನೂ 22 ಸೆಕೆಂಡು ಉಳಿದಿರುವಾಗ, ಫಕ್ಕನೆ ನೀಲಿ. “ಬಂತು!” ಎಂದು ಅಮ್ಮ ಚಪ್ಪಾಳೆ ತಟ್ಟಿದಳು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಆ ಅಳುಮುಖವನ್ನು ಅಷ್ಟು ಸಂಭ್ರಮದಿಂದ ಸ್ವಾಗತಿಸಿದ ಇನ್ನೊಂದು ಮನೆ ಇರಲಾರದು. ಅಂದಹಾಗೆ ಆ ಮುಖ 2012ರ ವಿಂಡೋಸ್ 8ರಿಂದ ಬಂದದ್ದು. ವಿಂಡೋಸ್ 11ರಲ್ಲಿ 2025ರಿಂದ ಪರದೆಯನ್ನು ಕಪ್ಪಾಗಿಸಿ ಮುಖವನ್ನೂ ತೆಗೆದುಹಾಕಿದ್ದಾರೆ. ನನಗದು ಸರಿಕಾಣಲಿಲ್ಲ, ಸಾವಿನ ಮನೆಯಲ್ಲಿ ಅಳುವವರು ಒಬ್ಬರಾದರೂ ಇರಬೇಕು.

ಚಿಕಿತ್ಸೆಗೆ ಹತ್ತು ನಿಮಿಷ ಸಾಕಾಯಿತು. ಡಿವೈಸ್ ಮ್ಯಾನೇಜರಿನಲ್ಲಿ ಡಾಂಗಲನ್ನು ಹುಡುಕಿ, ಡ್ರೈವರನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕಿ ತೆಗೆದದ್ದು; ಚಿಪ್ ತಯಾರಿಸಿದವರ ಕಡೆಯಿಂದ ಹೊಸ ಡ್ರೈವರನ್ನು ತಂದು ಹಾಕಿದ್ದು. ನಡುವೆ ‘ನಿಮ್ಮಲ್ಲಿ 27 ಹಳೆಯ ಡ್ರೈವರುಗಳಿವೆ’ ಎಂದು ಹೆದರಿಸಿ ದುಡ್ಡು ಕೇಳುವ ಪ್ರೋಗ್ರಾಮೊಂದು ಇಣುಕಿತು. ಅದನ್ನು ಮುಟ್ಟಬೇಡವೆಂದು ಅವಳು ಗದರಿದಳು.

ಕೆಲಸ ಮುಗಿದ ಮೇಲೆ ಸುಮ್ಮನಿರಲಾಗದೆ ಉಳಿದ ಡ್ರೈವರುಗಳ ಜಾತಕವನ್ನೂ ತೆಗೆದೆ. ಕೀಬೋರ್ಡಿನದು 2006ರ ಜೂನ್ 21. ಇಲಿಯದೂ ಅದೇ. ಡಿಸ್ಕಿನದೂ ಅದೇ. ಎದೆ ಧಸಕ್ಕೆಂದಿತು. “ಅವು ಹಳೇವಲ್ಲ ಮಾಮ, ಮೈಕ್ರೋಸಾಫ್ಟ್‌ನವರು ಬೇಕಂತಲೇ ಆ ತಾರೀಕು ಹಾಕೋದು. ಕಂಪನಿಯವರು ಕೊಟ್ಟ ಡ್ರೈವರ್ ಇದ್ದರೆ ಅದು ಹೊಸದಾಗಿ ಕಾಣಲಿ, ಅದಕ್ಕೇ ಮೊದಲ ಮಣೆ ಸಿಗಲಿ ಅಂತ” ಅಂದಳು. ಬೀಗರಿಗೆ ಮೊದಲ ಎಲೆ ಹಾಕುವ ಮರ್ಯಾದೆ. ತಾರೀಕಿನ ವಿಷಯದಲ್ಲಂತೂ ನಾನು ಮೂಗುಮುರಿಯುವಂತಿಲ್ಲ. ನಮ್ಮ ಕಾಲದಲ್ಲಿ ಸ್ಕೂಲಿಗೆ ಸೇರಿಸುವ ದಿನ ಮೇಷ್ಟ್ರು ಹಾಕಿದ್ದೇ ಹುಟ್ಟಿದ ದಿನ. ನಮ್ಮ ಕಾಲೇಜಿನಲ್ಲಿ ಜೂನ್ 1ರಂದು ಹುಟ್ಟಿದ ಆರು ಜನ ಇದ್ದೆವು, ಒಂದೇ ದಿನ ನಿವೃತ್ತರಾಗಿ ಒಂದೇ ಹಾರದ ಖರ್ಚಿನಲ್ಲಿ ಬೀಳ್ಕೊಡುಗೆ ಮಾಡಿಸಿಕೊಂಡೆವು.

ಎರಡು ತಿಂಗಳಾಯಿತು, ಪರದೆ ಒಮ್ಮೆಯೂ ನೀಲಿಯಾಗಿಲ್ಲ. ಕನ್ನಡ ಗದ್ಯದ ಮುಖ್ಯ ಲಕ್ಷಣ ಇನ್ನೂ ಹೊಳೆದಿಲ್ಲ. ಅಳಿಲು ಸೀಬೆಮರವನ್ನು ಮುಗಿಸಿ ಪಕ್ಕದ ಮನೆಯ ಸಪೋಟಕ್ಕೆ ಹೋಗಿದೆ. ಕಾಫಿ ಆರಿದಾಗ ಕೂಗುತ್ತೇನೆ. ಅಡುಗೆಮನೆಯಿಂದ ಬರುವ ಉತ್ತರ ಮಾತ್ರ ಬದಲಾಗಿದೆ.

“ರೀ, ಬಿಸಿಗಿಡ್ತಾ ಇದ್ದೀನಿ. ಸೇವ್ ಮಾಡ್ಕೊಂಡ್ರಾ?”

ಕಂಟ್ರೋಲ್ ಎಸ್ ಒತ್ತಿ “ಹೂಂ, ಇಡು” ಎನ್ನುತ್ತೇನೆ.